ಮತ್ತೆ ಒಂದನೇ ಕ್ಲಾಸು

ನಾನು ಒಂದನೇ ಕ್ಲಾಸನ್ನು ಎರಡು ಸಲ ಓದಿದವಳು. ಫೇಲಾಗಿ ಅಲ್ಲ. ಮೊದಲನೆಯ ಸಲ ಯಾದಗಿರಿ ಕಡೆಯ ನಮ್ಮೂರಿನ ಕನ್ನಡ ಶಾಲೆಯಲ್ಲಿ, ಎಲ್ಲರೂ ಓದುವ ವಯಸ್ಸಿನಲ್ಲಿ ಓದಿದೆ. ಎರಡನೆಯ ಸಲ ಬೆಂಗಳೂರಿನ ಕೃಷ್ಣರಾಜಪುರದಲ್ಲಿ, ನಾಲ್ಕನೇ ಕ್ಲಾಸು ಪಾಸಾಗಿ ಬಂದ ಮೇಲೆ, ನನ್ನ ಪುಟ್ಟ ತಮ್ಮನ ಪಕ್ಕದಲ್ಲಿ ಕೂತು ಓದಿದೆ. ಬೆಂಚು ಅವನ ಅಳತೆಯದು. ನನ್ನ ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತು. ನಾನು ಸ್ವಲ್ಪ ಅಲುಗಿದರೂ ಸಾಲಿನ ಮಕ್ಕಳೆಲ್ಲರ ಅಕ್ಷರ ಸೊಟ್ಟಗಾಗಿ, ಎಲ್ಲರೂ ಒಟ್ಟಿಗೆ ತಿರುಗಿ ನನ್ನನ್ನೇ ನೋಡುತ್ತಿದ್ದರು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಅಪ್ಪ ಗೌಂಡಿ ಕೆಲಸದವನು. ಇಂದಿರಾನಗರದಲ್ಲಿ ಹಳೆಯ ಮನೆಗಳನ್ನು ಕೆಡವಿ ದೊಡ್ಡ ಮನೆಗಳನ್ನು ಕಟ್ಟುವ ಭರಾಟೆ ಜೋರಾಗಿತ್ತು. ಅವ್ವ ಮೊದಲು ಅಪ್ಪನ ಕೈಕೆಳಗೆ ಇಟ್ಟಿಗೆ, ಗಾರೆ ಹೊತ್ತಳು. ಬೆನ್ನುನೋವು ಹಿಡಿದ ಮೇಲೆ ಅಲ್ಲೇ ಎರಡು ಮನೆಗಳ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದಳು. ನಾವಿದ್ದದ್ದು ರೈಲ್ವೆ ಸ್ಟೇಷನ್ನಿನ ಹಿಂದಿನ ಒಂದು ವಠಾರದಲ್ಲಿ. ಶೀಟಿನ ಛಾವಣಿಯ ಒಂದೇ ಕೋಣೆ, ಹೊರಗೆ ಎಲ್ಲರಿಗೂ ಸೇರಿ ಒಂದು ಬಚ್ಚಲು. ಅಕ್ಕಪಕ್ಕದ ಕೋಣೆಗಳಲ್ಲಿ ನಮ್ಮ ಕಡೆಯವರೇ ಹೆಚ್ಚು. ನಡುನಡುವೆ ಒಂದು ತಮಿಳು ಮನೆ, ಒಂದು ತೆಲುಗು ಮನೆ ಇದ್ದವು. ಜಗಳವನ್ನು ಮಾತ್ರ ಎಲ್ಲರೂ ಎಲ್ಲ ಭಾಷೆಗಳಲ್ಲಿ ಆಡಬಲ್ಲವರಾಗಿದ್ದರು.

ಬೆಂಗಳೂರಿಗೆ ಬಂದ ಮೇಲೆ ಮಕ್ಕಳು ಇಂಗ್ಲಿಷಿನಲ್ಲಿ ಓದಲೇಬೇಕು ಎಂದು ಅಪ್ಪ ಹಟ ಹಿಡಿದ. ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ ಒಂದು ಶಾಲೆ ಇತ್ತು. ಬೋರ್ಡಿನ ಮೇಲೆ ಅದಕ್ಕೆ ಉದ್ದನೆಯ ಹೆಸರೇ ಇತ್ತು, ಜನ ಮಾತ್ರ ಕಾನ್ವೆಂಟು ಎನ್ನುತ್ತಿದ್ದರು. ಮಧ್ಯಾಹ್ನ ಗಿರಣಿ ಶುರುವಾದರೆ ಪಾಠ ನಿಲ್ಲುತ್ತಿತ್ತು. ಸಂಜೆ ಮನೆಗೆ ಹೋಗುವ ಹೊತ್ತಿಗೆ ನಮ್ಮೆಲ್ಲರ ರೆಪ್ಪೆಯ ಮೇಲೆ ರಾಗಿ ಹಿಟ್ಟು ಇರುತ್ತಿತ್ತು. ಅಲ್ಲಿನ ಹೆಡ್ ಮಿಸ್ ನನ್ನನ್ನು ಎದುರು ನಿಲ್ಲಿಸಿ ಎ ಇಂದ ಝಡ್ ವರೆಗೆ ಬರೆ ಎಂದರು. ನಾನು ಎಫ್ ತನಕ ಬರೆದು ನಿಂತುಬಿಟ್ಟೆ.

"ಎಬಿಸಿಡಿನೇ ಬರಲ್ವಲ್ರೀ ಇವಳಿಗೆ! ಫೋರ್ತ್ ಪಾಸ್ ಅಂತೀರ. ಕನ್ನಡದಲ್ಲಿ ಪಾಸಾಗಿದ್ದು ಇಲ್ಲಿ ಲೆಕ್ಕಕ್ಕೆ ಬರಲ್ಲ. ಫಸ್ಟ್ ಸ್ಟ್ಯಾಂಡರ್ಡ್‌ಗೆ ಹಾಕ್ತೀನಿ, ಬೇಸಿಕ್ ಸ್ಟ್ರಾಂಗ್ ಆಗ್ಲಿ" ಎಂದರು.

ಬೇರೆ ಯಾವ ತಂದೆಯಾದರೂ ಆ ಹೊತ್ತಿಗೆ ಒಂದು ಮಾತು ವಾದ ಮಾಡುತ್ತಿದ್ದನೇನೋ. ನನ್ನ ಅಪ್ಪನಿಗೆ ಆ ಮಾತು ಬಹಳ ಹಿಡಿಸಿಬಿಟ್ಟಿತು. ದಾರಿಯಲ್ಲಿ ನನಗೆ ಸಮಾಧಾನ ಹೇಳಿದ: "ನೋಡವ್ವ, ಮಂದಿ ಹಾಕಿದ ಬುನಾದಿ ಮ್ಯಾಲ ನಾ ಎಂದೂ ಗ್ವಾಡಿ ಎಬ್ಬಿಸಿಲ್ಲ. ಒಳಗ ಏನ್ ತುಂಬ್ಯಾರೋ ಯಾರಿಗ್ಗೊತ್ತು? ತೆಗದು ಮೊದಲಿಂದ ಹಾಕಬೇಕು. ಇಂಗ್ಲಿಷೂ ಹಂಗ." ನಾನು ಅತ್ತೆ. ನಮ್ಮೂರ ಮೇಷ್ಟ್ರು ಕಲಿಸಿದ್ದ ಭಾಗಾಕಾರ, ಭಿನ್ನರಾಶಿ, ನಾನು ಬಾಯಿಪಾಠ ಮಾಡಿದ್ದ ಮಗ್ಗಿ, ಇವೆಲ್ಲ ಕೆಡವಿ ಎಸೆಯುವ ಸಾಮಾನು ಎಂದು ನನ್ನ ಅಪ್ಪನೇ ಹೇಳಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಅಪ್ಪ ಬನ್ನು ಕೊಡಿಸಿದ. ಅಳುತ್ತಲೇ ತಿಂದೆ.

ನಾಲ್ಕು ಕ್ಲಾಸು ಹಿಂದಕ್ಕೆ ಹೋಗುವುದೆಂದರೆ ಬರೀ ಅವಮಾನದ ಮಾತಾಗಿರಲಿಲ್ಲ. ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಹುಡುಗಿ ದೊಡ್ಡವಳಾದ ದಿನ ಅವಳ ಶಾಲೆ ಮುಗಿಯಿತು. ಹಸಿರು ಸೀರೆ ಉಡಿಸಿ ಆರತಿ ಮಾಡುತ್ತಾರೆ, ಅಷ್ಟರಲ್ಲಿ ಗಂಡು ಗೊತ್ತಾಗಿರುತ್ತದೆ. ದೊಡ್ಡಪ್ಪನ ಮಗಳು ಏಳನೇ ಕ್ಲಾಸಿನ ಅರ್ಧದಲ್ಲಿ ಪುಸ್ತಕ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಈ ವಿಷಯದಲ್ಲಿ ಕೊನೆಯ ಮಾತು ಅಪ್ಪನ ಅವ್ವನದು, ನಮ್ಮ ಆಯಿಯದು. ಆಯಿ ಊರಿನಲ್ಲಿ ಕೂತು ಹೇಳಿದರೆ ಬೆಂಗಳೂರಿನಲ್ಲಿ ಅಪ್ಪ ಎದ್ದು ನಿಲ್ಲುತ್ತಿದ್ದ. ಊರಲ್ಲಿದ್ದಿದ್ದರೆ ನಾನು ಏಳನೆಯದನ್ನಾದರೂ ಮುಗಿಸುತ್ತಿದ್ದೆ. ಈಗ ಒಂದರಿಂದ ಶುರುವಾದರೆ ಮೂರಕ್ಕೋ ನಾಲ್ಕಕ್ಕೋ ನನ್ನ ಓದು ಮುಗಿದಂತೆಯೇ. ಇದನ್ನು ಅಪ್ಪ ಯೋಚಿಸಿರಲಿಲ್ಲ. ಅವ್ವ ಮೊದಲ ದಿನವೇ ಯೋಚಿಸಿದ್ದಳು.

ಶಾಲೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದು ಎಂಬ ಕಟ್ಟಪ್ಪಣೆ ಇತ್ತು. ಒಂದನೇ ಕ್ಲಾಸಿನಲ್ಲಿ ಇಂಗ್ಲಿಷ್ ಬರುತ್ತಿದ್ದ ಮಗು ಒಂದೂ ಇರಲಿಲ್ಲ. ಹಾಗಾಗಿ ಇಡೀ ಶಾಲೆಯಲ್ಲಿ ನಮ್ಮದೇ ಶಿಸ್ತಿನ ಕ್ಲಾಸು. ಹೆಡ್ ಮಿಸ್ ಬಾಗಿಲಲ್ಲಿ ನಿಂತು "ವೆರಿ ಗುಡ್, ಪಿನ್ ಡ್ರಾಪ್ ಸೈಲೆನ್ಸ್" ಎಂದು ಮೆಚ್ಚಿಕೊಳ್ಳುತ್ತಿದ್ದರು. ಒಳಗೆ ಒಂದು ಮಗು ಹೊರಗೆ ಹೋಗಬೇಕು ಎಂದು ಕೇಳಲು ಇಂಗ್ಲಿಷ್ ಬಾರದೆ ಚಡ್ಡಿ ಒದ್ದೆ ಮಾಡಿಕೊಂಡು ಕೂತಿರುತ್ತಿತ್ತು. ಇವತ್ತಿಗೂ ಯಾರಾದರೂ ಶಿಸ್ತಿನ ಶಾಲೆ ಎಂದು ಹೊಗಳಿದರೆ ನನಗೆ ಆ ಚಡ್ಡಿ ನೆನಪಾಗಿ ಮೈ ಉರಿಯುತ್ತದೆ.

ನಮ್ಮ ಕ್ಲಾಸಿನ ಮಿಸ್ ಶಿವಾಜಿನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಆಗಷ್ಟೇ ಓದು ಮುಗಿಸಿದ ಹುಡುಗಿ, ಮನೆಯ ಮಾತು ದಖನಿ. ಬಂದವರೇ ಬುರ್ಖಾ ಮಡಚಿ ಬ್ಯಾಗಿಗೆ ಹಾಕಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಪಾಠ ಶುರು ಮಾಡುತ್ತಿದ್ದರು. ಒಂದೇ ಶಬ್ದವನ್ನು ಇಂಗ್ಲಿಷಿನಲ್ಲಿ ಬರೆದು ಕನ್ನಡದಲ್ಲಿ, ತಮಿಳಿನಲ್ಲಿ, ದಖನಿಯಲ್ಲಿ ಹೇಳುವರು. ತೆಲುಗು ಅವರಿಗೆ ಬಾರದು, ಅದನ್ನು ವಠಾರದ ತೆಲುಗು ಮನೆಯ ಹುಡುಗಿಯಿಂದ ಕಲಿತಿದ್ದ ನಾನು ಹೇಳುತ್ತಿದ್ದೆ. ಮೆಟ್ಟಿಲ ಮೇಲೆ ಹೆಡ್ ಮಿಸ್ ಚಪ್ಪಲಿಯ ಸದ್ದಾದರೆ ನಾವೆಲ್ಲ ಒಕ್ಕೊರಲಿನಿಂದ "ಎ ಫಾರ್ ಆ್ಯಪಲ್" ಎಂದು ಕೂಗುವುದು ಒಪ್ಪಂದ. ಅಷ್ಟು ಚೆನ್ನಾಗಿ ಕದ್ದು ಕಲಿಸಿದವರನ್ನು ನಾನು ಮತ್ತೆ ನೋಡಿಲ್ಲ.

ಮಿಸ್ ಒಮ್ಮೆ ತಮ್ಮ ಕೈಯಲ್ಲಿದ್ದ ದೊಡ್ಡ ಕ್ಲಾಸಿನ ಗಣಿತದ ಪುಸ್ತಕವನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ನಾನು ಅದರೊಳಗಿನ ಭಿನ್ನರಾಶಿಯ ಲೆಕ್ಕಗಳನ್ನು ಸ್ಲೇಟಿನ ಮೇಲೆ ಮಾಡಿ, ಒರೆಸಿ, ಇನ್ನೊಂದು ಮಾಡುತ್ತ ಕೂತಿದ್ದೆ. ಅವರು ಹಿಂದೆ ಬಂದು ನಿಂತಿದ್ದು ಗೊತ್ತಾಗಲಿಲ್ಲ.

"ಇದೆಲ್ಲ ಬರುತ್ತಾ ನಿನಗೆ?" ಎಂದರು.

"ಊರಾಗ ಕನ್ನಡದಾಗ ಬರ್ತಿತ್ತು ಮಿಸ್" ಎಂದೆ. ನನ್ನ ಉತ್ತರ ಹಾಗಿತ್ತು ನೋಡಿ. ಇಲ್ಲಿಗೆ ಬಂದ ಮೇಲೆ ಬರುವುದಿಲ್ಲ ಎಂದು ನಾನೂ ನಂಬಿದ್ದೆ.

"ಅರೆ, ಏಳು ಅನ್ನೋದು ಸೆವೆನ್ ಆದ್ರೆ ಕಮ್ಮಿ ಆಗ್ಬಿಡುತ್ತಾ ಬೇಟಾ?" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ನನ್ನ ವಯಸ್ಸು ಕೇಳಿದರು. ಅವರೂ ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಹೈಸ್ಕೂಲಿಗೆ ಇಂಗ್ಲಿಷಿಗೆ ಹೋದವರಂತೆ. ಒಂದು ವರ್ಷ ಪೂರ್ತಿ ಮೂಕಿಯ ಹಾಗೆ ಕೂತಿದ್ದರಂತೆ. "ಆದ್ರೆ ನನ್ನನ್ನ ಯಾರೂ ಒಂದನೇ ಕ್ಲಾಸಿಗೆ ಹಾಕಲಿಲ್ಲಮ್ಮ" ಎಂದರು.

ಆ ವರ್ಷದ ಕೊನೆಗೆ ಮಿಸ್ ಹೆಡ್ ಮಿಸ್ ಜೊತೆ ಮಾತಾಡಿ, ನನ್ನನ್ನು ನೇರವಾಗಿ ಮೂರಕ್ಕೆ ಹಾಕಲು ಒಪ್ಪಿಸಿದರು. ಒಪ್ಪದವನು ಅಪ್ಪನೊಬ್ಬನೇ. ಒಂದು ಭಾನುವಾರ ಮಿಸ್ ನಮ್ಮ ಕೋಣೆಗೇ ಬಂದರು. ಕೂರಲು ಕೊಟ್ಟ ಸ್ಟೂಲು ಕುಂಟುತ್ತಿತ್ತು, ಅವರು ಚಹಾದ ಲೋಟ ಚೆಲ್ಲದಂತೆ ಹಿಡಿದುಕೊಂಡು ಅಪ್ಪನಿಗೆ ತಿಳಿಸಿ ಹೇಳಿದರು. ಅಪ್ಪ ಮರ್ಯಾದೆಯಿಂದ ಎಲ್ಲ ಕೇಳಿ, ಕೊನೆಗೆ ಅದನ್ನೇ ಹೇಳಿದ: "ನೀವು ಕಲ್ತೋರು, ಖರೆ. ಆದ್ರ ನಡುವ ಎರಡನೇದು ಬಿಟ್ರ ಗ್ವಾಡಿ ಒಡೀತದ ಬಾಯಾರ."

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪರರ ಮುಂದೆ ಅಪ್ಪನಿಗೆ ಎದುರಾಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ. ಬಡಿಯುವುದನ್ನು ನಿಲ್ಲಿಸಿ, ತಿರುಗದೆಯೇ ಹೇಳಿದಳು: "ಎಷ್ಟ್ ವರ್ಷ ನಿನ್ನ ಕೈಯಾಗ ಗಾರೆ ಕೊಟ್ಟೀನಿ ನಾನು. ಗ್ವಾಡಿ ಗಟ್ಟಿ ಇದ್ರ ಮ್ಯಾಲಿನ ಗಿಲಾವು ಕೆತ್ತಿ ಹೊಸಾದು ಹಚ್ತಿ. ಮನಿ ಕೆಡವ್ತಿ ಏನು? ಅಕಿ ಲೆಕ್ಕ ಗ್ವಾಡಿ. ಇಂಗ್ಲಿಷ್ ಬರೇ ಗಿಲಾವು."

ತನ್ನ ಕಸುಬಿನ ಮಾತಿಗೆ ಅಪ್ಪ ತಲೆಯಾಡಿಸಿ, ಆಗಲಿ ಎಂದ. ಮಿಸ್ ಲೋಟದೊಳಗೆ ಮುಖ ಹುದುಗಿಸಿ ನಕ್ಕಿದ್ದನ್ನು ನಾನು ನೋಡಿದೆ.

ಹೀಗೆ ನಾನು ಮೂರನೇ ಕ್ಲಾಸಿಗೆ ಹೋದೆ. ಅಲ್ಲಿಯೂ ಎಲ್ಲರಿಗಿಂತ ಉದ್ದ. ಗ್ರೂಪ್ ಫೋಟೋದಲ್ಲಿ ನನ್ನನ್ನು ಟೀಚರುಗಳ ಸಾಲಿಗೆ ಸೇರಿಸಿ ನಿಲ್ಲಿಸಿದರು. ಆ ವರ್ಷದ ನಡುವೆ, ಒಂದು ಡ್ರಿಲ್ ಪೀರಿಯಡ್ಡಿನಲ್ಲಿ, ಯಾವುದಕ್ಕೆ ಹೆದರಿದ್ದೆವೋ ಅದು ಆಯಿತು. ನನ್ನ ಲಂಗದ ಹಿಂದೆ ಕಲೆ ಕಂಡು ಚಿಕ್ಕ ಮಕ್ಕಳು "ಅಕ್ಕನಿಗೆ ಗಾಯ" ಎಂದು ಕಿರುಚಿದರು. ಶಿವಾಜಿನಗರದ ಮಿಸ್ ಓಡಿ ಬಂದು ತಮ್ಮ ಬುರ್ಖಾವನ್ನು ನನಗೆ ತೊಡಿಸಿ, "ಡರ್ ನಕ್ಕೋ ಬೇಟಾ, ಗಾಯ ಅಲ್ಲ" ಎಂದು ಕೈ ಹಿಡಿದು ಮನೆಯವರೆಗೆ ನಡೆಸಿಕೊಂಡು ಬಂದರು. ನನಗೆ ನೋವಿಗಿಂತ ಹೆಚ್ಚಾಗಿ ಒಂದೇ ಚಿಂತೆ. ಭಿನ್ನರಾಶಿ ಈಗಷ್ಟೇ ಇಂಗ್ಲಿಷಿನಲ್ಲಿ ಬರತೊಡಗಿತ್ತು, ಇನ್ನು ನಾಳೆಯಿಂದ ಶಾಲೆ ಇಲ್ಲ.

ಅವ್ವ ಆ ದಿನ ಬೆನ್ನುನೋವೆಂದು ಮನೆಯಲ್ಲೇ ಇದ್ದಳು. ಮಿಸ್ ಹೋದ ಮೇಲೆ ನನಗೆ ಸ್ನಾನ ಮಾಡಿಸಿ, ತನ್ನ ಹಳೆಯ ಸೀರೆ ಹರಿದು ಬಟ್ಟೆ ಮಾಡಿಕೊಟ್ಟಳು. ಆಮೇಲೆ ಗೋಡೆಗೆ ಒರಗಿ ಕೂತು ಅತ್ತಳು. ಅವಳು ಮೂರನೆಯದಕ್ಕೇ ಶಾಲೆ ಬಿಟ್ಟವಳು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ನಾಳೆ ಸಾಲಿಗಿ ಹೋಗು. ಯಾರ ಮುಂದೂ ಬಾಯಿ ಬಿಡಬ್ಯಾಡ. ನಿಮ್ಮಪ್ಪನ ಮುಂದೂ" ಎಂದಳು. ಒಂದು ಏಕಾದಶಿಯನ್ನೂ ಬಿಡದವಳು, ಮಂಗಳವಾರ ತಲೆಗೆ ನೀರು ಹಾಕಿಕೊಳ್ಳದವಳು, ನನಗೆ ಆರತಿ ಮಾಡದೆ ಬಿಟ್ಟಳು. ದೇವಿ ಸಿಟ್ಟಾಗುತ್ತಾಳೆ ಎಂದು ಪ್ರತಿ ಶುಕ್ರವಾರ ಇನ್ನೊಂದು ದೀಪ ಹೆಚ್ಚಿಗೆ ಹಚ್ಚಿ, ಕೈಮುಗಿದು ಏನೋ ಗೊಣಗುತ್ತಿದ್ದಳು. ಅವಳು ಹೆದರಿದ್ದಳು. ನನಗಾಗಿ ಹೆದರಿಕೊಂಡೇ ಬದುಕಿದಳು ಎಂಬುದು ನನಗೆ ಆಗ ಅರ್ಥವಾಗಿರಲಿಲ್ಲ.

ಒಂದೇ ಕೋಣೆಯ ಮನೆಯಲ್ಲಿ ಅಪ್ಪನಿಗೆ ಗೊತ್ತಾಗಲಿಲ್ಲವೇ? ಗೊತ್ತಾಗದೆ ಇರಲು ಸಾಧ್ಯವೇ ಇಲ್ಲ. ಬಚ್ಚಲ ಹಗ್ಗದ ಮೇಲೆ ಸೀರೆಯ ಕೆಳಗೆ ಒಣಗುತ್ತಿದ್ದ ಬಟ್ಟೆಗಳು ಅವನಿಗೂ ಕಾಣುತ್ತಿದ್ದವು. ಅವನು ಕೇಳಲಿಲ್ಲ, ನಾವು ಹೇಳಲಿಲ್ಲ. ಮುಂದಿನ ವರ್ಷ ನನ್ನನ್ನು ಮೂರರಿಂದ ಐದಕ್ಕೆ ಹಾಕುತ್ತೇವೆ ಎಂದು ಶಾಲೆಯವರು ಹೇಳಿದಾಗ ಗೋಡೆಯ ಮಾತೆತ್ತದೆ ಹೂಂ ಅಂದ.

ಊರಿನಲ್ಲಿ ಮಾತ್ರ ಆಯಿ ಕಾಯುತ್ತಿದ್ದಳು. ಮೊದಲ ಒಂದೆರಡು ವರ್ಷ ಸುಮ್ಮನಿದ್ದಳು. ನಾನು ಏಳನೆಯದು ದಾಟಿದರೂ ಸುದ್ದಿ ಬಾರದಿದ್ದಾಗ ಎಳ್ಳುಂಡಿ ಕಳಿಸತೊಡಗಿದಳು. ಎಳ್ಳು ಬೆಲ್ಲ ತಿಂದರೆ ಮೈ ಕಾದು ಹುಡುಗಿ ಬೇಗ ದೊಡ್ಡವಳಾಗುತ್ತಾಳೆ ಎಂದು ನಮ್ಮ ಕಡೆ ನಂಬಿಕೆ. ಊರಿನಿಂದ ಯಾರು ಬಸ್ ಹತ್ತಿದರೂ ಅವರ ಕೈಯಲ್ಲಿ ನಮಗೊಂದು ಡಬ್ಬಿ ಬರುತ್ತಿತ್ತು. ತುಪ್ಪದಲ್ಲಿ ಕಟ್ಟಿದ ಉಂಡೆ, ಏಲಕ್ಕಿ ಬೇರೆ. ತಮ್ಮನಿಗೆ ಅದರ ಕಾರಣ ತಿಳಿಯದು, ಅರ್ಧಕ್ಕರ್ಧ ಅವನೇ ಮುಗಿಸುತ್ತಿದ್ದ. "ಆಯಿಗಿ ಇನ್ನಾ ಕಳಸ್ಲಿಕ್ಕಿ ಹೇಳ್ರಿ" ಎಂದು ಬಂದವರ ಮುಂದೆ ಹೇಳಿ ನಮ್ಮ ಎದೆ ಧಸಕ್ಕೆನ್ನಿಸುತ್ತಿದ್ದ.

ನಾನು ಹತ್ತನೆಯದನ್ನು ಫಸ್ಟ್ ಕ್ಲಾಸಿನಲ್ಲಿ ಪಾಸಾದೆ. ಆ ಹೊತ್ತಿಗೆ ನಮ್ಮ ಮಿಸ್ ಮದುವೆಯಾಗಿ ಬೇರೆ ಊರಿಗೆ ಹೋಗಿದ್ದರು. ಹೈಸ್ಕೂಲಿನ ಗಣಿತದ ಮೇಷ್ಟ್ರು ಹಲಸೂರಿನ ಒಂದು ಕಾಲೇಜಿಗೆ ಸೈನ್ಸಿಗೆ ಸೇರು ಎಂದರು. ಆದರೆ ಊರಿನಲ್ಲಿ ಮಾತು ಹಬ್ಬಿತ್ತು. ಹುಡುಗಿಗೆ ಏನೋ ಐಬಿದೆ, ಹದಿನೇಳು ದಾಟಿದರೂ ಆಗಿಲ್ಲ ಎಂದು ನಮ್ಮ ಸೋದರತ್ತೆಯೇ ಆಡಿಕೊಂಡಳು. ತನ್ನ ಮಗನಿಗೆ ನನ್ನನ್ನು ತಂದುಕೊಳ್ಳಬೇಕೆಂದು ಕಾದಿದ್ದವಳು ಅವಳು. ಅವ್ವ ಸೋತುಹೋದಳು.

"ಹತ್ತು ಮುಗಿಸಿದಿ. ನನ್ನ ಕೈಲೆ ಆಗೋದು ಇಷ್ಟಽ. ಇನ್ನ ಮುಚ್ಚಿಡಲಿಕ್ಕ ಆಗಂಗಿಲ್ಲ" ಎಂದಳು. ಹುಡುಗಿ ಈಗ ದೊಡ್ಡವಳಾದಳು ಎಂದು ಊರಿಗೆ ಫೋನಿನಲ್ಲಿ ಸುದ್ದಿ ಹೋಯಿತು. ಆರತಿ ಆದ ಮೇಲೆ ಏನೆಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ನಾನು ಕಾಲೇಜಿನ ಆಸೆ ಬಿಟ್ಟೆ. ಬಿಟ್ಟೆ ಎಂದು ಹೇಳುವುದು ಸುಲಭ. ಕಾಲೇಜಿನ ದಿಕ್ಕಿಗೆ ಹೋಗುವ ರೈಲಿನ ಸದ್ದು ಕೇಳಿದರೂ ಅಳು ಬರುತ್ತಿತ್ತು.

ಆಯಿ ಬೆಂಗಳೂರಿಗೆ ಬಂದದ್ದು ಅದೇ ಮೊದಲು. ಹಸಿರು ಸೀರೆ, ಉತ್ತತ್ತಿ, ಕೊಬ್ಬರಿ, ಎಲ್ಲ ಗಂಟು ಕಟ್ಟಿಕೊಂಡು ಬಂದಳು. ಬಗ್ಗಿದ ಬೆನ್ನು, ಕಣ್ಣು ಮಾತ್ರ ಚುರುಕು. ಆರತಿಯ ದಿನ ವಠಾರದ ಹೆಂಗಸರೆಲ್ಲ ನಮ್ಮ ಕೋಣೆಯಲ್ಲಿ ಕಿಕ್ಕಿರಿದು ಕೂತರು. ತಮಿಳು ಮನೆಯಾಕೆ ಹೂವು ತಂದಳು. ಸೋದರತ್ತೆ ಊರಿನಿಂದ ಬಂದು ನಡುವೆಯೇ ಚಾಪೆ ಹಿಡಿದು ಕೂತಿದ್ದಳು. ಅಪ್ಪ ಹೊರಗೆ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದ.

ನೀರು ಹಾಕುವುದು ಆಯಿಯ ಹಕ್ಕು. ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಗೋಣಿಯ ಪರದೆ ಎಳೆದು, ಎಣ್ಣೆ ಹಚ್ಚತೊಡಗಿದಳು. ಊರಿನಲ್ಲಿ ಎಷ್ಟೋ ಬಾಣಂತಿಯರಿಗೆ, ಮೈನೆರೆದ ಹುಡುಗಿಯರಿಗೆ ನೀರೆರೆದ ಕೈ ಅದು. ಬೆನ್ನು ತಿಕ್ಕಿ, ಸೊಂಟ ತಿಕ್ಕಿ, ಎದುರು ಬಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಕೈ ನಿಂತಿತು.

"ಎಷ್ಟು ವರ್ಷ ಆತು?" ಎಂದು ಮೆಲ್ಲಗೆ ಕೇಳಿದಳು.

ಸುಳ್ಳು ಹೇಳಬೇಕೆಂದುಕೊಂಡೆ. ಆದರೂ "ಮೂರನೇ ಕ್ಲಾಸಿದ್ದಾಗಿಂದ" ಎಂದೆ.

"ಈಗ ಎಷ್ಟು ಕಲ್ತಿ?"

"ಹತ್ತು ಮುಗೀತು, ಆಯಿ."

"ಇನ್ನಾ ಅದ ಏನು ಸಾಲಿ?"

"ಅದ. ಕಾಲೇಜು."

"ನಿನಗ ಹೋಗಬೇಕಂತದ?"

ನಾನು ಅಳುವುದಕ್ಕೆ ಶುರು ಮಾಡಿದೆ. ಆಯಿ ಉತ್ತರಕ್ಕೆ ಕಾಯಲಿಲ್ಲ. ಒಂದು ಚೊಂಬು ಬಿಸಿನೀರು ತಲೆಯ ಮೇಲೆ ಸುರಿದು, ಸೆರಗಿನಿಂದ ತನ್ನ ಕೈ ಒರೆಸಿಕೊಂಡು, ಪರದೆ ಸರಿಸಿ ಹೊರಗೆ ಹೋದಳು. ಅವ್ವ ಆರತಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಆಯಿಯ ಮುಖ ನೋಡಿ ಅವಳು ಒಂದು ಹೆಜ್ಜೆ ಹಿಂದೆ ಸರಿದದ್ದು ನನಗೆ ಪರದೆಯ ಸಂದಿಯಲ್ಲಿ ಕಾಣಿಸಿತು.

"ತಟ್ಟಿ ಒಳಗ ಇಡು" ಎಂದಳು ಆಯಿ, ಎಲ್ಲರಿಗೂ ಕೇಳುವಂತೆ. "ಕೂಸು ಇನ್ನಾ ದೊಡ್ಡಾಕಿ ಆಗಿಲ್ಲ. ಇದು ಬರೇ ಉಷ್ಣ. ಈ ಊರ ನೀರಿಗಿ ಆಗ್ಯದ."

ಸೋದರತ್ತೆ "ಹಂಗಂದ್ರ ಹೆಂಗವ್ವ, ಹದಿನೇಳು..." ಎಂದು ಬಾಯಿ ತೆರೆದಳು.

"ನಿನಗ ನೀರು ಹಾಕ್ದಾಕಿ ನಾನು. ನನಗ ಕಲಸ್ತಿ ಏನು?" ಎಂದು ಆಯಿ ಗದರಿದಳು. "ಎಲ್ಲಾರೂ ಉಂಡು ಹೋಗ್ರಿ. ಆದಾಗ ಹೇಳಿ ಕಳಿಸ್ತೀವಿ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಹೋಳಿಗೆ ಉಂಡರು, ಹೋದರು. ಅವರಲ್ಲಿ ಒಬ್ಬರೂ ನಂಬಿರಲಿಕ್ಕಿಲ್ಲ. ಆಯಿಗೆ ಎದುರು ಹೇಳಿದವರೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಅವ್ವ ಆಯಿಯ ಕಾಲು ಹಿಡಿದು ಬಿಕ್ಕಿದಳು. ತಪ್ಪಾಯಿತು ಎಂದಳು, ದೇವಿಗೂ ನಿಮಗೂ ಸುಳ್ಳು ಹೇಳಿದೆ ಎಂದಳು. ಆಯಿ ಅವಳ ರಟ್ಟೆ ಹಿಡಿದು ಎಬ್ಬಿಸಿ ಕೂರಿಸಿದಳು.

"ಅಳಬ್ಯಾಡ ಏಳು" ಎಂದಳು. "ನನ್ನ ಸಲುವಾಗಿ ಇಂಥಾ ಸುಳ್ಳು ಹೇಳೋರು ಯಾರೂ ಇರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, ತಲೆ ಒರೆಸಿಕೋ, ನೆಗಡಿ ಆಗುತ್ತದೆ ಎಂದು ಬೈದಳು.